ಕೆರೆಗೆ ಅಡ್ಡ ಬಂದ ಗಿಣಿ

"ಹಾಯ್ ಫ್ರೆಂಡ್ಸ್! ವೆಲ್ಕಮ್ ಟು ಲೇಖಾ ಕ್ರಾಫ್ಟ್! ಇವತ್ತು ನಾವು ಪೇಪರ್ ಗಿಣಿಗೆ ಬಾಲ ಮಾಡೋಣ. ಮೊದ್ಲು ಹಸಿರು ಪೇಪರ್..."

"ಲೇಖಾ! ಒಣಗಾಕಿರೋ ಮೆಣಸಿನಕಾಯಿ ಎತ್ಕೊಂಡ್ ಬಾ ಅಂತ ಆವಾಗ್ಲೇ ಹೇಳಿದ್ನಲ್ಲ! ಮಾಳಿಗೆ ಮೇಲೆ ಏನ್ ಮಾಡ್ತಿದ್ದೀಯ?" ಕೆಳಗಿನಿಂದ ಅಮ್ಮ ಕೂಗಿದಳು.

"ಅಯ್ಯೋ ಅಮ್ಮಾ! ರೆಕಾರ್ಡಿಂಗ್ ಆಗ್ತೈತೆ!"

ಹೋಯಿತು. ಈಗ ವೀಡಿಯೊದಲ್ಲಿ ಗಿಣಿಯ ಜೊತೆ ಮೆಣಸಿನಕಾಯಿಯೂ ಸೇರಿಕೊಂಡಿತು. ಲೇಖಾ ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಲೇಖಾ ಅಂದರೆ ಚಂದ್ರಲೇಖಾ, ಐದನೇ ಕ್ಲಾಸು. ಹೊಸೂರಿನ ಹತ್ತಿರದ ಸಾನಮಾವು ಎಂಬ ಹಳ್ಳಿಯಲ್ಲಿ ಅವರದು ಕಟ್ಟಕಡೆಯ ಮನೆ. ಮಾಳಿಗೆ ಹತ್ತಿದರೆ ಈ ಕಡೆ ಊರು, ಆ ಕಡೆ ರಾಗಿ ಹೊಲ. ಹೊಲದಾಚೆ ಕೆರೆ ಏರಿ, ಅದರಾಚೆ ಕಾಡು. ದಿನಾ ಸ್ಕೂಲಿನಿಂದ ಬಂದವಳೇ ಅಮ್ಮನ ಫೋನು ಹಿಡಿದು ಮೇಲಕ್ಕೆ ಓಡುತ್ತಿದ್ದಳು. ನೀರಿನ ಟ್ಯಾಂಕಿಗೆ ಫೋನು ಒರಗಿಸಿ, ಕೆರೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಅಲ್ಲಿ ಬೆಳಕು ಚೆನ್ನಾಗಿತ್ತು.

ಅವಳಿಗೆ ಬೇಕಾಗಿದ್ದು ತೀರ ದೊಡ್ಡದೇನಲ್ಲ. ತಾನು ಮಾಡಿದ ಗಿಣಿ, ನವಿಲು, ಬಾತುಕೋಳಿ ನೋಡಿ ಯಾರಾದರೂ "ಸೂಪರ್" ಅನ್ನಬೇಕು. ಅಷ್ಟೇ. ಆದರೆ ಬರುವ ಕಮೆಂಟುಗಳನ್ನು ನೋಡಿದರೆ ಮೈ ಉರಿಯುತ್ತಿತ್ತು.

"ಸ್ವಲ್ಪ ಪಕ್ಕಕ್ಕೆ ಸರ್ಕೊ ಪಾಪ." ಇದು ರೋಸ್ ಕ್ವೀನ್ ಎಂಬ ಹೆಸರಿನವರದು. ಹೆಸರಿನ ಪಕ್ಕ ಮುಖದ ಬದಲು ಒಂದು ಕೆಂಪು ಗುಲಾಬಿ ಇತ್ತು.

"ಏರಿ ಕಾಣಿಸ್ತಿಲ್ಲ." ಇದು ಇನ್ನೊಬ್ಬರದು.

"ಕೊಂಜಂ ತಳ್ಳಿ ನಿಲ್ಲು ಪಾಪಾ." ತಮಿಳಿನಲ್ಲಿ ಬರೆದಿದ್ದರೂ ಅದೂ ಸರಕೋ ಅಂತಲೇ.

ನಿನ್ನೆಯಂತೂ ಆ ರೋಸ್ ಕ್ವೀನ್ "ಕತ್ತಲಾದ್ಮೇಲೆ ಹಾಕ್ಬೇಡ, ಬೆಳಕಿರುವಾಗ್ಲೇ ಹಾಕು" ಎಂದು ಆರ್ಡರ್ ಬೇರೆ ಮಾಡಿದ್ದರು. ಗಿಣಿಯ ಬಗ್ಗೆ ಒಂದು ಮಾತು? ಉಹುಂ.

"ಕೆರೆಯಲ್ಲಿ ಏನೈತೆ ಅಂತ ಇವ್ರಿಗೆ? ನೀರೈತೆ! ಕೆಸರೈತೆ!" ಎಂದು ಲೇಖಾ ಮಾರನೆಯ ದಿನ ಕ್ಲಾಸಿನಲ್ಲಿ ಕುಮಾರೇಶನ ಮುಂದೆ ಕೂಗಾಡಿದಳು. ಕುಮಾರೇಶನಿಗೂ ಚಾನೆಲ್ ಇತ್ತು. ಅವನ ನಾಯಿ ಕೆಮ್ಮಿದರೂ ನೂರಾರು ಜನ ನೋಡುತ್ತಿದ್ದರು.

ಅವನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದ. "ನಿನ್ ಬ್ಯಾಕ್‌ಗ್ರೌಂಡೇ ಪ್ರಾಬ್ಲಮ್ ಕಣೇ. ದೊಡ್ಡ ದೊಡ್ಡ ಚಾನೆಲ್‌ನವ್ರು ಹಿಂದೆ ಪರದೆ ಕಟ್ಕೋತಾರೆ. ಕೆರೆ ಕಾಣದೇ ಇದ್ರೆ ಜನ ಗಿಣೀನೇ ನೋಡ್ಬೇಕು. ಬೇರೆ ದಾರಿ ಇಲ್ಲ."

ಹೌದಲ್ಲ! ಅವತ್ತು ಸಂಜೆ ಲೇಖಾ ಅಮ್ಮನ ನೇರಳೆ ಸೀರೆಯನ್ನು ಬಟ್ಟೆ ಒಣಗಿಸುವ ತಂತಿಗೆ ಅಡ್ಡಡ್ಡ ಕಟ್ಟಿದಳು. ಕೆರೆ ಮಾಯ, ಹೊಲ ಮಾಯ. ನೇರಳೆ ಸೀರೆಯ ಮುಂದೆ ಹಸಿರು ಗಿಣಿ ಎದ್ದು ಕಾಣುತ್ತಿತ್ತು. ಅವಳಿಗೇ ಸಂತೋಷವಾಗಿ ಇನ್ನೊಂದು ಸಲ ನೋಡಿದಳು.

ವೀಡಿಯೊ ಹಾಕಿದ್ದೇ ತಡ, ಕಮೆಂಟುಗಳು ದಬದಬ ಬಂದವು.

"ಸೀರೆ ಯಾಕೆ?"

"ಸೀರೆ ತೆಗಿ."

"ಪಾಪ ಪ್ಲೀಸ್, ಇನ್ನೊಂದು ವೀಡಿಯೊ ಹಾಕು, ಸೀರೆ ತೆಗೆದು." ಇದು ರೋಸ್ ಕ್ವೀನ್. ಮತ್ತೆ ಅವರೇ!

ಲೇಖಾಳಿಗೆ ಕಣ್ಣಲ್ಲಿ ನೀರು ಬಂತು. ಎರಡು ದಿನ ಕೂತು ಕತ್ತರಿಸಿದ್ದಳು ಆ ಬಾಲವನ್ನು. "ಗಿಣಿ ನೋಡೋಕೆ ಇಷ್ಟ ಇದ್ರೆ ನೋಡಿ, ಇಲ್ಲಾಂದ್ರೆ ಹೋಗಿ!" ಎಂದು ಬರೆದು, ಕೆಂಪು ಮುಖದ ಸಿಟ್ಟಿನ ಗೊಂಬೆಗಳನ್ನು ಸಾಲಾಗಿ ಒತ್ತಿ, ಫೋನನ್ನು ಅಮ್ಮನಿಗೆ ಕೊಟ್ಟು ಮಲಗಿಬಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದಾಗ ಹಿಂದಿನ ಬೀದಿಯ ನಾಗವೇಣಿ ಅಕ್ಕ ಕುಂಟುತ್ತಾ ಬಂದಳು. ನಾಗವೇಣಿ ಹೊಸೂರಿನ ಒಂದು ಕಂಪನಿಯಲ್ಲಿ ವೈರ್ ಜೋಡಿಸುವ ಕೆಲಸಕ್ಕೆ ಹೋಗುತ್ತಾಳೆ. ನಸುಕಿನಲ್ಲೇ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಇಂಥ ಹೊತ್ತಿನಲ್ಲಿ ಅವಳು ಊರಲ್ಲಿರುವುದೇ ಆಶ್ಚರ್ಯ. ಮಂಡಿಗೆ ಅರಿಶಿನ ಮೆತ್ತಿಕೊಂಡಿದ್ದಳು. ಕಾಲಲ್ಲಿ ಒಂದೇ ಚಪ್ಪಲಿ.

"ಏನಾಯ್ತೇ ನಾಗವೇಣಿ?" ಅಮ್ಮ ಹೊರಗೆ ಓಡಿ ಬಂದಳು.

"ಏನ್ ಹೇಳ್ಲಿ ಮುನಿಲಕ್ಷ್ಮಕ್ಕಾ! ಬಸ್ಸಿಗೆ ಅಂತ ನಾವು ಹೆಂಗಸ್ರೆಲ್ಲ ಏರಿ ಮೇಲೆ ಹೊರಟ್ವಿ. ಅರ್ಧ ದಾರಿಗೆ ಬಂದಿದ್ವಿ, ಪಕ್ಕದ್ ಹೊಲದಲ್ಲಿ ರಾಗಿ ಅಲ್ಲಾಡ್ತೈತೆ. ಗಾಳಿ ಇಲ್ಲ, ಏನಿಲ್ಲ, ರಾಗಿ ಅಲ್ಲಾಡ್ತೈತೆ! ಟಾರ್ಚ್ ಬಿಟ್ಟು ನೋಡಿದ್ರೆ ಆನೆ ಕಿವಿ! ಓಡಿದ್ವಿ, ಬಿದ್ವಿ. ಬಸ್ಸೂ ಹೋಯ್ತು, ನನ್ ಚಪ್ಲೀನೂ ಹೋಯ್ತು."

"ಅಯ್ಯೋ ಶಿವನೇ!"

ನಾಗವೇಣಿ ಲೇಖಾಳ ಕಡೆ ತಿರುಗಿದಳು. "ಎಲ್ಲಾ ನಿನ್ ಸೀರೆಯಿಂದ ಕಣಮ್ಮಿ!"

ಲೇಖಾಳ ಬಾಯಿ ತುಂಬ ನೊರೆ. ತುಪುಕ್ಕನೆ ಉಗಿದು, "ನನ್ ಸೀರೆನಾ? ಅದು ಅಮ್ಮನ್ ಸೀರೆ!" ಅಂದಳು.

"ಯಾರ್ದಾದ್ರೂ ಆಗ್ಲಿ! ಸಂಜೆ ಬಸ್ಸಲ್ಲಿ ಬರ್ತಾ ನಾವೆಲ್ಲ ನಿನ್ ವೀಡಿಯೊ ನೋಡ್ತೀವಿ. ಹಿಂದೆ ಕೆರೆ ಹತ್ರ ಆನೆ ಇದ್ರೆ, ಬೆಳಿಗ್ಗೆ ಬೇಗ ಎದ್ದು ಮಾವಿನ ತೋಪಿನ ಕಡೆಯಿಂದ ಸುತ್ತಾಕ್ಕೊಂಡು ಹೋಗ್ತೀವಿ. ಇಲ್ಲ ಅಂದ್ರೆ ಏರಿ ಮೇಲೆ. ನಿನ್ನೆ ಏನೂ ಕಾಣಿಸ್ಲಿಲ್ಲ, ಇರಲ್ಲ ಬಿಡು ಅಂತ ಏರಿ ಮೇಲೇ ಹೊರಟ್ವಿ. ಸರ್ಕೊ ಪಾಪ, ಸರ್ಕೊ ಪಾಪ ಅಂತ ದಿನಾ ಬೇಡ್ಕೊಂಡ್ನಲ್ಲ!"

ಲೇಖಾ ಕಣ್ಣು ಕಣ್ಣು ಬಿಟ್ಟಳು. "ರೋಸ್ ಕ್ವೀನ್... ನೀನಾ?"

"ಮತ್ತಿನ್ಯಾರು? ಹೋಗಿ ಅಂದ್ಯಲ್ಲ, ಹೋದ್ವಿ. ನೋಡು, ಹೆಂಗ್ ಹೋದ್ವಿ ಅಂತ!" ನಾಗವೇಣಿ ಮಂಡಿ ತೋರಿಸಿದಳು.

"ಆನೆಗೋಸ್ಕರ ಅಂತ ಒಂದ್ ಮಾತು ಬರೀಬಾರ್ದಿತ್ತಾ? ನಂಗ್ ಹೆಂಗ್ ಗೊತ್ತಾಗ್ಬೇಕು? ದಿನಾ ಆನೆ ಆನೆ ಅಂತಿರೋ ನಮ್ ತಾತನ್ನ ಕೇಳ್ಬೋದಿತ್ತು!"

"ಏರಿ ತೋರ್ಸು ಅಂದ್ರೆ ಈ ಊರಲ್ಲಿ ಇನ್ನೇನಕ್ಕೆ? ಆವುಲಪ್ಪ ತಾತನ್ನ ಕೇಳ್ಬೇಕಾ? ಅವ್ರು ಕರೆಂಟ್ ಕಂಬ ನೋಡಿದ್ರೂ ಆನೆ ಅಂತಾರೆ!"

"ಯಾವಳೇ ಅದು?" ಎಂದು ಜಗಲಿಯಿಂದ ತಾತ ಗುಡುಗಿದ. ಅಮ್ಮ ನಗು ತಡೆಯಲಾರದೆ ಒಳಗೆ ಹೋದಳು, ನಾಗವೇಣಿಗೆ ಕಾಫಿ ತರಲು.

ಲೇಖಾಳಿಗೆ ನಗು ಬರಲಿಲ್ಲ. ಹುಟ್ಟಿದಾಗಿನಿಂದ ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆಗಳು ಬರುತ್ತಲೇ ಇದ್ದವು. ಆನೆ ಎಂದರೆ ಅವಳಿಗೆ ತಾತನ ದಿನದ ಗೊಣಗಾಟ. ಆ ಆನೆಗಳನ್ನು ಯಾರಾದರೂ ಫೋನಿನಲ್ಲಿ ಹುಡುಕಿ ನೋಡುತ್ತಾರೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಆದರೂ ಕೇಳಿಯೇಬಿಟ್ಟಳು.

"ಹಂಗಾದ್ರೆ ನನ್ ಗಿಣಿ ಯಾರೂ ನೋಡ್ಲೇ ಇಲ್ವಾ?"

ನಾಗವೇಣಿಯ ಸಿಟ್ಟು ಸ್ವಲ್ಪ ಇಳಿಯಿತು. "ನೋಡ್ದೆ ಏನು? ಗಿಣಿ ಚೆನ್ನಾಗೇ ಐತೆ. ಆದ್ರೆ ಕೆರೆಗೆ ಅಡ್ಡ ಬತ್ತೈತಲ್ಲ, ಏನ್ ಮಾಡೋಣ?"

ಸ್ಕೂಲಿನಲ್ಲಿ ಕುಮಾರೇಶ ಎಲ್ಲ ಕೇಳಿ, "ಸೂಪರ್ ಕಂಟೆಂಟ್ ಕಣೇ! ಆ ಅಕ್ಕನ ಮಂಡಿ ವೀಡಿಯೊ ಮಾಡು, ಸ್ಯಾಡ್ ಮ್ಯೂಸಿಕ್ ಹಾಕು" ಎಂದ. ಲೇಖಾ ಅವನ ಬೆಂಚು ಬಿಟ್ಟು ಹಿಂದೆ ಹೋಗಿ ಕೂತಳು. ಗಣಿತ ಮೇಷ್ಟ್ರು ಏನು ಹೇಳಿದರೋ, ಒಂದೂ ತಲೆಗೆ ಹೋಗಲಿಲ್ಲ. ಆ ಒಂಟಿ ಚಪ್ಪಲಿಯೇ ಕಣ್ಣಿಗೆ ಬರುತ್ತಿತ್ತು.

ಸಂಜೆ ಅವಳು ಮಾಳಿಗೆ ಹತ್ತಿ ಸೀರೆ ಬಿಚ್ಚಿ ಮಡಿಚಿಟ್ಟಳು. ಗಿಣಿಯನ್ನು ಟ್ಯಾಂಕಿನ ಮೇಲೆ ಕೂರಿಸಿದಳು. ಫೋನು ಕೈಯಲ್ಲೇ ಹಿಡಿದು ರೆಕಾರ್ಡಿಂಗ್ ಒತ್ತಿದಳು.

"ಹಾಯ್ ಫ್ರೆಂ..." ನಿಲ್ಲಿಸಿ ಗಂಟಲು ಸರಿಮಾಡಿಕೊಂಡಳು.

"ಅಕ್ಕಂದ್ರಾ, ನಾನು ಲೇಖಾ." ಫೋನನ್ನು ತನ್ನ ಕಡೆಯಿಂದ ಕೆರೆಯ ಕಡೆ ತಿರುಗಿಸಿದಳು. ಕೈ ಅಲುಗದ ಹಾಗೆ ಗೋಡೆಗೆ ಮೊಣಕೈ ಊರಿದಳು. ಏರಿಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತೋರಿಸಿದಳು. ಆಲದ ಮರದ ಹಿಂದೆ ಬೂದು ಬೆನ್ನುಗಳು ಕಂಡವು. "ಆನೆ ಅವೆ. ದೊಡ್ಡವು ಮೂರು, ಒಂದ್ ಮರಿ. ಮಾವಿನ ತೋಪಿನ ಕಡೆ ಏನೂ ಇಲ್ಲ, ನೋಡಿ. ಆ ಕಡೆಯಿಂದ ಹೋಗಿ. ಬೇಗ ಏಳಿ."

ಅಷ್ಟೇ. ಸಂಗೀತ ಇಲ್ಲ, ಬಾಯ್ ಬಾಯ್ ಇಲ್ಲ. ವೀಡಿಯೊಗೆ ಹೆಸರು ಹಾಕುವಲ್ಲಿ "ಇವತ್ತಿನ ಏರಿ" ಎಂದು ಬರೆದಳು.

ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎಷ್ಟು ಜನ ನೋಡಿದರು ಎಂದು ಫೋನಿಗೆ ಕೈ ಹಾಕುತ್ತಿದ್ದಳು. ಈ ಸಲ ಇನ್ನೂ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಕಂಬಳಿಯೊಳಗೇ ಕಿವಿಗೊಟ್ಟಳು. ತೋಪಿನ ಕಡೆ ಹೆಂಗಸರ ಮಾತು ಕೇಳಿಸಿತು. ಯಾರೋ ಜೋರಾಗಿ ನಕ್ಕರು. ಅದು ನಾಗವೇಣಿ ಅಕ್ಕನ ನಗು. ಮಾತು ದೂರ ದೂರ ಹೋಗಿ ನಿಂತಿತು.

ಲೇಖಾ ಉಸಿರು ಹಿಡಿದು ಕಾದಳು.

ಟಾರ್ ರೋಡಿನಿಂದ ಕಂಪನಿ ಬಸ್ಸಿನ ಹಾರ್ನ್ ಕೇಳಿಸಿತು. ಆಮೇಲೆ ಬಸ್ಸು ಹೊರಟ ಸದ್ದು.

ಅವಳು ಮಗ್ಗುಲು ಬದಲಿಸಿ, ಕಂಬಳಿ ಎಳೆದುಕೊಂಡು ಮತ್ತೆ ಮಲಗಿದಳು. ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು.