ಬಂಗಾರದ ಬಣ್ಣದ ಗುಳಿಗೆ

"ಖರೇ ಹೇಳು! ಈ ಮನ್ಯಾಗ ಮೀನು ತಿಂದೀಯೋ ಇಲ್ಲೋ?"

ಅತ್ತೆ ಬಸವಣ್ಣೆವ್ವನ ಕೂಗಿಗೆ ಜಯಲತಾ ಕೈಯಲ್ಲಿದ್ದ ಹಾಲಿನ ಲೋಟವನ್ನು ಕೆಳಗಿಟ್ಟಳು. ಎಂಬತ್ನಾಲ್ಕನೇ ಇಸವಿಯ ಶ್ರಾವಣ ಅದು. ರೈಲುಹಳಿ ಪಕ್ಕದ ಕೋಪರಿಯ ಆ ಚಾಳಿನ ವಠಾರದಲ್ಲಿ ಮೀನು ತಿನ್ನುವ ಮರಾಠಿ ಮನೆಗಳೂ ತಿಂಗಳಿಡೀ ಮೀನು ಬಿಟ್ಟಿದ್ದವು. ಹಾಗಿರುವಾಗ ಲಿಂಗಾಯತರ ಮನೆಯೊಳಗೆ ಮೀನಿನ ವಾಸನೆ ಎಲ್ಲಿಂದ ಬರಬೇಕು? ಸೊಸೆ ಮಲ್ಪೆಯ ಮೀನುಗಾರರ ಮಗಳು. ಅತ್ತೆಗೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ.

ಪಾಪ, ವಾಸನೆ ಬರುತ್ತಿದ್ದುದು ಅತ್ತೆಯ ತೇಗಿನಿಂದಲೇ! ಸಕ್ಕರೆ ಕಾಯಿಲೆಯಿಂದ ಆಕೆಯ ಕಾಲಿನ ರಕ್ತನಾಳಗಳು ಕಿರಿದಾಗಿ, ಹೆಬ್ಬೆರಳಿನ ಹುಣ್ಣು ಮಾಯದೆ ಕೂತಿತ್ತು. ಡಾಕ್ಟರು ಮಾಮೂಲಿ ಮಾತ್ರೆಗಳ ಜೊತೆಗೆ ಮೀನೆಣ್ಣೆಯ ಗುಳಿಗೆ ಬರೆದುಕೊಟ್ಟು, "ರಕ್ತನಾಳಕ್ಕೆ ಒಳ್ಳೆಯದಂತ ಈಚೆಗೆ ಹೇಳ್ತಿದ್ದಾರೆ. ಖಾತ್ರಿ ಇಲ್ಲ, ನೋಡೋಣ" ಎಂದಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ ಮುದುಕಿಗೆ ಅದನ್ನು ಹೇಳುವುದು ಹೇಗೆ? "ತಾಕತ್ತಿನ ಗುಳಿಗಿ ಅಂತ ಕೊಟ್ಟುಬಿಡು" ಎಂದಿದ್ದ ಗಂಡ ಶಿವಪುತ್ರಪ್ಪ. ಮನಸ್ಸಿಲ್ಲದ ಮನಸ್ಸಿನಿಂದ ಜಯಲತಾ ಒಪ್ಪಿದ್ದಳು. ಬೆಳಿಗ್ಗೆ ಶೀಶೆಯ ಮುಚ್ಚಳ ತೆಗೆದು, ಬಂಗಾರದ ಬಣ್ಣದ ಆ ಗುಳಿಗೆಯನ್ನು ಬೆಳಕಿಗೆ ಹಿಡಿದರೆ ಸಾಕು, ಕೋಪರಿಯ ಕೋಣೆ ಕರಗಿ ಮಲ್ಪೆ ತೇಲಿಬರುತ್ತಿತ್ತು... ಒದ್ದೆ ಮರಳು, ಬಲೆ ಒಣಹಾಕುವ ಅಪ್ಪ, ಒಲೆಯ ಮೇಲೆ ಕುದಿಯುವ ಬಂಗುಡೆಯ ಸಾರು... ಅತ್ತೆಗೆ ಮಾತು ಕೊಟ್ಟು ಮದುವೆಯ ದಿನವೇ ಬಿಟ್ಟುಬಂದ ರುಚಿ!

ಈಗ ನಿಜ ಹೇಳಿದರೆ ಅತ್ತೆ ಗುಳಿಗೆ ಮುಟ್ಟುವುದಿಲ್ಲ. ಆಮೇಲೆ ಕಾಲಿನ ಗತಿ? ಜಯಲತಾ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

"ಹೌದು ಅತ್ತೆ... ನಾನೇ ತಿಂದದ್ದು."

"ಹಂಗಾದ್ರ ಟ್ರಂಕ್ ತುಂಬು! ನಿನ್ನ ತವರಮನಿಗೆ ನಡಿ!"

ಟ್ರಂಕು ಬಾಗಿಲಿಗೆ ಬಂತು. ಹೊರಡುವ ಮೊದಲು ಹುಣ್ಣಿನ ಪಟ್ಟಿಯನ್ನಾದರೂ ಬದಲಾಯಿಸೋಣವೆಂದು ಜಯಲತಾ ಅತ್ತೆಯ ಕಾಲ ಬಳಿ ಕೂತಳು. ಕಣ್ಣೀರು ಪಾದದ ಮೇಲೆ ಬಿತ್ತು. ಮರಗಟ್ಟಿದ ಆ ಪಾದಕ್ಕೆ ಅದು ತಿಳಿಯಲೂ ಇಲ್ಲ.

ಅಷ್ಟರಲ್ಲಿ ಬಸವಣ್ಣೆವ್ವನಿಗೆ ತೇಗು ಬಂತು. ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ಅದೇ ವಾಸನೆ! ಕಣ್ಣು ಮೆಲ್ಲನೆ ಗೂಡಿನಲ್ಲಿದ್ದ ಶೀಶೆಯತ್ತ ಹೋಯಿತು.

"ಶಿವಪುತ್ರಾ... ಆ ಗುಳಿಗಿ ಎಂಥಾದ್ದು?"

"ಮೀನೆಣ್ಣೀದು, ಅವ್ವಾ... ನಿನ್ನ ಕಾಲು ಉಳೀಲಿ ಅಂತ ನಾನೇ ಕೊಡಿಸಿದೆ. ಆಕಿ ಏನೂ ತಿಂದಿಲ್ಲ!"

ಬಸವಣ್ಣೆವ್ವ ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಹೊರಗೆ ಲೋಕಲ್ ರೈಲು ಹಾದುಹೋಗಿ ಪಾತ್ರೆಗಳು ಸಣ್ಣಗೆ ಗುನುಗಿದವು. ಜಯಲತಾಳಿಗೆ ಎಲ್ಲವೂ ಎಲ್ಲೋ ದೂರದಲ್ಲಿ, ನೀರಿನಡಿಯಲ್ಲಿ ನಡೆಯುತ್ತಿರುವಂತೆ ಕಂಡಿತು.

"ನನ್ನ ಕಾಲಿನ ಸಲುವಾಗಿ ಕಳ್ಳಿ ಅನ್ನಿಸಿಕೊಂಡು ಹೊಂಟಿದ್ಯಾ, ನನ್ನವ್ವಾ?" ಮುದುಕಿಯ ದನಿ ಒಡೆಯಿತು. "ನಾ ಇನ್ನ ಆ ಗುಳಿಗಿ ಮುಟ್ಟೂದಿಲ್ಲ. ಕಾಲು ಹೋದ್ರ ಹೋಗಲಿ... ನೀ ಹೋಗಬ್ಯಾಡ!"

"ಅತ್ತೆ... ಮತ್ತೆ ನಡೆಯುವುದು ಹೇಗೆ ನೀವು?"

"ನೀ ಅದೀಯಲ್ಲ, ಕೈ ಹಿಡೀಲಿಕ್ಕೆ."

ಶಿವಪುತ್ರಪ್ಪ ಟ್ರಂಕನ್ನು ಒಳಗೆ ಎಳೆದುಕೊಂಡ. ಜಯಲತಾ ಆ ಪಾದವನ್ನು ಮಡಿಲಿಗೆ ತೆಗೆದುಕೊಂಡು, ಹೊಸ ಪಟ್ಟಿ ಸುತ್ತತೊಡಗಿದಳು.