ಮೀನಿನ ತೊಟ್ಟಿಗೆ ಹೆಪ್ಪು

ಗಂಡಸಿ ಊರಿನ ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬಂದು ಬ್ಯಾಗು ಕೆಳಗಿಡುವ ಮೊದಲೇ ಮೇಘಶ್ರೀಯ ಕಣ್ಣು ಮೀನಿನ ತೊಟ್ಟಿಯ ಮೇಲೆ ಬಿತ್ತು. ಅಕ್ವೇರಿಯಂನ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೀರು ಗಂಜಿಯ ಹಾಗೆ ಮಬ್ಬಾಗಿತ್ತು.

ಹಾಳಾದ್ದು, ಇವತ್ತೇ ಹೀಗಾಗಬೇಕಿತ್ತೇ? ಆ ಮೀನು ಕೊಟ್ಟವನು ಎದುರು ಮನೆಯ ಉದಯಕುಮಾರ್. ಹಗಲೆಲ್ಲ ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ, ಮನೆಗೆ ಬಂದರೆ ಮೀನಿನ ಧ್ಯಾನ. ನಾಳೆ ಅವನು ಬೇಲೂರಿಗೆ ಹೆಣ್ಣು ನೋಡಲು ಹೊರಟಿದ್ದ. ಮೇಘಶ್ರೀಗೆ ಅವನೆಂದರೆ ಪ್ರಾಣ. ಅದನ್ನು ಆ ಮೀನುಗಳ ಹೊರತು ಯಾರಿಗೂ ಹೇಳಿರಲಿಲ್ಲ.

ಕರೆದ ತಕ್ಷಣ ಉದಯ ಓಡಿಬಂದ. ಫಿಲ್ಟರ್ ಬಿಚ್ಚಿ ನೋಡಿ ಬೆಚ್ಚಿಬಿದ್ದ.

“ಏನ್ರೀ ಮಾಡಿದ್ರಿ ಇದಕ್ಕೆ?”

“ನಿನ್ನೆ ತೊಳೆದೆ. ಒಳಗಿನ ಸ್ಪಂಜು, ಪಿಂಗಾಣಿ ರಿಂಗು ಎಲ್ಲಾ ಕಂದಾಗಿ ಗಲೀಜಾಗಿತ್ತು. ಕುದಿಯೋ ನೀರಿಗೆ ಹಾಕಿ ಚೆನ್ನಾಗಿ ಉಜ್ಜಿದೆ.”

“ಕುದಿಸಿಬಿಟ್ರಾ?” ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. “ಅದು ಗಲೀಜಲ್ಲ ಕಣ್ರೀ, ಹೆಪ್ಪು. ಆ ರಿಂಗಲ್ಲಿ ಕಣ್ಣಿಗೆ ಕಾಣದ ಜೀವಗಳು ಇರ್ತವೆ. ಮೀನಿನ ಹೊಲಸನ್ನ ಕರಗಿಸಿ ನೀರನ್ನ ಹದವಾಗಿ ಇಡ್ತವೆ. ನೀವು ಹೆಪ್ಪನ್ನೇ ಕುದಿಸಿ ಮೊಸರಾಗ್ಲಿ ಅಂತ ಕಾಯ್ತಿದ್ದೀರಾ.”

ಅವಳ ಕಣ್ಣು ತುಂಬಿತು. ಅವನು ಓರೆಗಣ್ಣಲ್ಲಿ ನೋಡಿ ದನಿ ತಗ್ಗಿಸಿದ.

“ಟೀಚರ್ ಆದ್ರೂ ಇಷ್ಟೊಂದು ಚೊಕ್ಕ ಇರಬಾರದು. ಅಳಬೇಡಿ. ಸ್ವಲ್ಪ ನೀರು ಬದಲಾಯಿಸಿ, ನಮ್ಮ ಫಿಲ್ಟರಿಂದ ಹಳೇ ರಿಂಗು ತಂದು ಹಾಕಿದ್ರೆ ಉಳೀಬಹುದು. ಬನ್ನಿ.”

ಉದಯ ಅವಳನ್ನು ಮನೆಗೆ ಕರೆದೊಯ್ದು, ತನ್ನ ತೊಟ್ಟಿಯ ನೀರಿನ ಸಮೇತ ಒಂದಿಷ್ಟು ರಿಂಗುಗಳನ್ನು ಬಟ್ಟಲಿಗೆ ತುಂಬಿಕೊಂಡು ಹೊರಟರೆ, ಬಾಗಿಲಲ್ಲಿ ಅವನ ತಾಯಿ ಕಮಲಾಕ್ಷಮ್ಮ ನಿಂತಿದ್ದರು. ಆಗಷ್ಟೇ ದೇವರಿಗೆ ದೀಪ ಹಚ್ಚಿ ಬಂದಿದ್ದರು.

“ಏನೋ ಅದು?”

“ಹೆಪ್ಪು ಅಮ್ಮ. ಇವರ ಮೀನಿನ ತೊಟ್ಟಿಗೆ.”

“ದೀಪ ಹಚ್ಚಾಯ್ತು. ಇನ್ನು ಹೆಪ್ಪು ಹೊಸ್ತಿಲು ದಾಟಂಗಿಲ್ಲ.”

“ಆಂಟಿ, ಅದು ಮೊಸರಿಂದಲ್ಲ...” ಮೇಘಶ್ರೀ ತೊದಲಿದಳು.

“ಹೆಪ್ಪು ಅಂತ ಅವನೇ ಅಂದ್ನಲ್ಲ. ದೀಪದ ಹೊತ್ತಲ್ಲಿ ಬೇರೆ ಮನೆಗೆ ಕೊಟ್ರೆ ಲಕ್ಷ್ಮೀನ ಕಳಿಸಿಕೊಟ್ಟಂಗೆ. ಬೆಳಿಗ್ಗೆ ಬಾ ಕಣಮ್ಮ.”

ಬೆಳಗಿನ ಹೊತ್ತಿಗೆ ಒಂದು ಮೀನೂ ಇರುವುದಿಲ್ಲ, ಉದಯ ಬೇಲೂರಿನ ದಾರಿ ಹಿಡಿದಿರುತ್ತಾನೆ. ಉದಯ ಬಟ್ಟಲನ್ನು ನೋಡಿದ, ಆಮೇಲೆ ಅವಳನ್ನು. ಆ ನೋಟ ಎಂದಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

“ಬೇರೆ ಮನೆಗೆ ತಾನೇ ಕೊಡಬಾರದು? ಮನೆಯೋರಿಗೇ ಕೊಟ್ರೆ?”

“ಯಾವ ಮನೆಯೋರೋ?”

“ಇವರು. ಒಪ್ಪಿದ್ರೆ.”

ಮೇಘಶ್ರೀ ದಂಗುಬಡಿದು ನಿಂತಳು. ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಕಮಲಾಕ್ಷಮ್ಮನವರಿಗೂ ಗರ ಬಡಿದಂತಾಗಿತ್ತು. ವರ್ಷಗಳಿಂದ ಎದುರು ಮನೆಯಲ್ಲೇ ಇದ್ದ ಹುಡುಗಿಯನ್ನು ಇವತ್ತೇ ಕಂಡವರ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದರು.

“ಹಂಗಾರೆ ಬೇಲೂರಿನೋರಿಗೆ ಬರಲ್ಲ ಅಂತ ನೀನೇ ಫೋನ್ ಮಾಡು,” ಎಂದರು ಕೊನೆಗೆ. “ಈಗ್ಲೇ. ನನ್ನ ಬಾಯಲ್ಲಿ ಆ ಮಾತು ಬರಲ್ಲ.”

“ಇವರಿನ್ನೂ ಒಪ್ಪಿಲ್ಲ ಅಮ್ಮ,” ಎಂದ ಉದಯ.

ಮೇಘಶ್ರೀ ಅವನ ಕೈಯಿಂದ ಬಟ್ಟಲು ತೆಗೆದುಕೊಂಡಳು.

“ಫೋನು ಆಮೇಲೆ ಮಾಡ್ಲಿ ಅತ್ತೆ,” ಎಂದಳು. “ಮೊದ್ಲು ಮೀನು ಉಳೀಲಿ.”