ಒಂದೂವರೆ ಗಂಟೆಯ ಲೆಕ್ಕ

“ತಾತಾ, ನನ್ನ ಲೆಕ್ಕ ತಪ್ಪಿಲ್ಲ! ಆ ಏರ್‌ಪೋರ್ಟಿಂದ ಈ ಏರ್‌ಪೋರ್ಟಿಗೆ ಸಾವಿರದ ಇನ್ನೂರು ಕಿಲೋಮೀಟರ್. ವಿಮಾನ ಗಂಟೆಗೆ ಎಂಟುನೂರು ಹೋಗತ್ತೆ. ಅಂದ್ರೆ ಒಂದೂವರೆ ಗಂಟೆ. ಒಂದೂವರೆಗೆ ಹೊರಟ ಅಮ್ಮ ಮೂರಕ್ಕೇ ಬರ್ಬೇಕಿತ್ತು!”

ಏರ್‌ಪೋರ್ಟಿನ ಗಡಿಯಾರದಲ್ಲಿ ಆಗಲೇ ಮೂರೂಮುಕ್ಕಾಲು. ಹೀಗೆ ಸಿಡಿಯುತ್ತಿದ್ದವಳಿಗೆ ಮನೆಯಲ್ಲಿ ಪಟಾಕಿ ಅಂತಲೇ ಹೆಸರು. ಅವಳು ಅಂಟಿಸಿಕೊಂಡಿದ್ದ ರಾಜನ ಮೀಸೆ ಬೆವರಿಗೆ ಒಂದು ಕಡೆ ಜಾರಿತ್ತು. ಕಿರೀಟ ತಾತನ ಕೈಯಲ್ಲಿತ್ತು.

ಶಾಲೆಯ ನಾಟಕ ಐದಕ್ಕೆ. ಅಮ್ಮನಿಗೆ ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸ. ಹಿಂದಿನ ಎರಡು ನಾಟಕಗಳ ಹೊತ್ತಿಗೂ ಅವಳು ಆಕಾಶದಲ್ಲೇ ಇದ್ದಳು. ಅದಕ್ಕೇ ಈ ಸಲ ಪಟಾಕಿ ಅಟ್ಲಾಸ್ ಮೇಲೆ ಸ್ಕೇಲಿಟ್ಟು ತಾನೇ ಪ್ಲಾನ್ ಮಾಡಿದ್ದಳು. “ನಾಲ್ಕಾದ್ರೂ ಆಗಬಹುದು ಪುಟ್ಟಾ” ಎಂದು ಅಮ್ಮ ಹೇಳಿದ್ದು ಅವಳ ಕಿವಿಗೇ ಬಿದ್ದಿರಲಿಲ್ಲ.

“ವಿಮಾನ ನಿನ್ನ ಸ್ಕೇಲ್ ಹಿಡ್ಕೊಂಡು ಬರತ್ತೇನೇ? ಏರೋಕೂ ಕ್ಯೂ, ಇಳಿಯೋಕೂ ಕ್ಯೂ” ಎಂದು ತಾತ ನಕ್ಕರು.

ಅಷ್ಟರಲ್ಲಿ ವಿಮಾನ ಇಳಿಯಿತೆಂದು ಬೋರ್ಡಿನಲ್ಲಿ ಬಂತು. ಜನ ಪೆಟ್ಟಿಗೆ ಎಳೆದುಕೊಂಡು ದಬದಬ ಹೊರಬಂದರು. ಒಬ್ಬರು ಮೀಸೆ ನೋಡಿ, “ನಮಸ್ಕಾರ ಮಹಾರಾಜ್ರೇ!” ಎಂದರು. ಮಹಾರಾಜರಿಗೆ ನಗು ಬರಲಿಲ್ಲ.

ಎಲ್ಲರೂ ಬಂದರು. ಅಮ್ಮ ಮಾತ್ರ ಇಲ್ಲ.

“ನಾಲ್ಕೂಕಾಲಿಗೆ ಹೊರಡಲೇಬೇಕಮ್ಮಾ. ಟೀಚರ್ ಎರಡು ಸಲ ಫೋನ್ ಮಾಡಿದ್ರು” ಎಂದರು ತಾತ.

ಪಟಾಕಿ ಮತ್ತೆ ಬಾಗಿಲಿನತ್ತ ಇಣುಕಿದಳು. ವಿಮಾನ ಗೋಡೆಯಾಚೆಯೇ ನಿಂತಿದೆ. ಅಷ್ಟು ದೂರದಿಂದ ಬಂದವಳಿಗೆ ಈ ನೂರು ಹೆಜ್ಜೆ ನಡೆಯಲು ಏನು ಧಾಡಿ?

ನಾಲ್ಕೂ ಹತ್ತಕ್ಕೆ ಬಾಗಿಲು ತೆರೆಯಿತು. ವೀಲ್‌ಚೇರಿನಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಅವರ ಚೀಲ ಹಿಡಿದ ಅಮ್ಮ! ಅಜ್ಜಿ ಅಮ್ಮನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

“ಎಲ್ರೂ ಬಂದ್ರು, ನೀನೇ ಲಾಸ್ಟ್!” ಪಟಾಕಿ ಸಿಡಿದೇಬಿಟ್ಟಳು.

“ಎಲ್ಲರೂ ಇಳಿದ ಮೇಲೇ ನಾವು ಇಳಿಯೋದು ಕಣೇ. ಒಬ್ಬರು ಉಳಿದ್ರೂ ನಾವು ಹೊರಡೋ ಹಾಗಿಲ್ಲ.”

“ನನ್ನಿಂದಲೇ ತಡ ಆಯ್ತು ಮಗೂ” ಎಂದರು ಅಜ್ಜಿ. “ಈ ಕುರ್ಚಿ ಬರೋದು ಲೇಟಾಯ್ತು. ಖಾಲಿ ವಿಮಾನದಲ್ಲಿ ಒಬ್ಬಳೇ ಅಂತ ನಂಗೆ ಭಯ. ನಿಮ್ಮಮ್ಮ ಜೊತೆಗೇ ಕೂತಿದ್ಲು. ಹೋಗಿ ನೀವು, ನನ್ನ ಮಗ ಕಾರ್ ನಿಲ್ಲಿಸಿ ಬರ್ತಾನಂತೆ.”

ಹಾಗೆಂದರೂ ಅಜ್ಜಿಯ ಕೈ ಅಮ್ಮನ ಬೆರಳು ಬಿಟ್ಟಿರಲಿಲ್ಲ. ಅಮ್ಮ ಮಗಳ ಮುಖ ನೋಡಿದಳು.

ಪಟಾಕಿ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ವೀಲ್‌ಚೇರಿನ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತಳು.

“ಇನ್ನೂ ಐದು ನಿಮಿಷ ಇದೆ. ನಿಮ್ಮ ಮಗ ನೋಡೋಕೆ ಹೇಗಿದ್ದಾರೆ, ಹೇಳಿ ಅಜ್ಜೀ. ಬಂದ ತಕ್ಷಣ ನಾನೇ ಕೂಗ್ತೀನಿ.”